ಹೂಗೊಂಚಲಿನೊಳಗಿನ ಹುಳು: ಹೆಂಪ್ ಬೆಳೆಯ ರಕ್ಷಣೆಯಲ್ಲಿ ಒಂದಿಷ್ಟು ಭೌತವಿಜ್ಞಾನ

ಕಲಬುರಗಿ, ಬೀದರ್ ಕಡೆಯ ತೊಗರಿ ಬೆಳೆಗಾರರಿಗೆ ಕಾಯಿಕೊರಕವನ್ನು ಪರಿಚಯಿಸಬೇಕಾಗಿಲ್ಲ. ಹೂವು, ಎಳೆಗಾಯಿ ಬಿಡುವ ಹೊತ್ತಿಗೆ ಸರಿಯಾಗಿ ಬರುವ ಈ ಮರಿಹುಳು ತಲೆಯನ್ನು ಕಾಯಿಯೊಳಗೆ ತೂರಿಸಿ, ಉಳಿದ ಮೈಯನ್ನು ಹೊರಗಿಟ್ಟುಕೊಂಡೇ ಕಾಳನ್ನು ತಿಂದು ಮುಗಿಸುತ್ತದೆ. ಇದರ ಶಾಸ್ತ್ರೀಯ ಹೆಸರು ಹೆಲಿಕೊವರ್ಪ ಆರ್ಮಿಜೆರ. ಅಮೆರಿಕ ಖಂಡದಲ್ಲಿ ಇದಕ್ಕೆ ತೀರ ಹತ್ತಿರದ ದಾಯಾದಿಯೊಂದಿದೆ, ಹೆಲಿಕೊವರ್ಪ ಜಿಯ. ಮೆಕ್ಕೆಜೋಳದ ತೆನೆಯನ್ನು ಕೊರೆಯುವುದು ಅದರ ಕಸುಬು. ಈಚಿನ ವರ್ಷಗಳಲ್ಲಿ ಅದಕ್ಕೆ ಹೊಸ ಆಹಾರವೊಂದು ದೊರೆತಿದೆ. ಬಯಲಿನಲ್ಲಿ ಬೆಳೆಯುವ ಹೆಂಪ್ ಗಿಡದ ಹೂಗೊಂಚಲೇ ಆ ಆಹಾರ.

ಹೆಂಪ್ ಎಂಬುದು ಬೇರೆ ಗಿಡವಲ್ಲ. ನಾವು ಭಂಗಿ, ಗಾಂಜಾ ಎಂದು ಕರೆಯುವ ಕ್ಯಾನಬಿಸ್ ಸಟೈವ ಪ್ರಭೇದವೇ. ಅಮಲೇರಿಸುವ ಟಿಎಚ್‌ಸಿ ಎಂಬ ವಸ್ತು ಒಣತೂಕದಲ್ಲಿ ಶೇಕಡ 0.3ನ್ನು ಮೀರದ ತಳಿಗಳನ್ನು ಹೆಂಪ್ ಎಂದು ಪರಿಗಣಿಸಿ, ಅವುಗಳ ಕೃಷಿಗೆ ಅಮೆರಿಕದ ಕೇಂದ್ರ ಸರ್ಕಾರ 2018ರ ಡಿಸೆಂಬರಿನ ಕೃಷಿ ಕಾನೂನಿನ ಮೂಲಕ ದಾರಿ ತೆರೆಯಿತು. (2025ರ ನವೆಂಬರಿನಲ್ಲಿ ಈ ವ್ಯಾಖ್ಯೆಯನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.) ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಅನುಮತಿಯಿಲ್ಲದೆ ಈ ಗಿಡವನ್ನು ಬೆಳೆಯುವುದು ಅಪರಾಧ. ಉತ್ತರಾಖಂಡ ಸರ್ಕಾರ 2018ರಲ್ಲಿ ಕೈಗಾರಿಕಾ ಹೆಂಪ್ ಬೆಳೆಯಲು ಪರವಾನಗಿ ನೀಡಿದ್ದುಂಟು. ಆದ್ದರಿಂದ ನಮ್ಮ ಓದುಗರಿಗೆ ಇದು ಬೆಳೆಯುವ ಕೈಪಿಡಿಯಲ್ಲ. ಆದರೆ ಹೆಂಪ್ ಹೊಲದಲ್ಲಿ ಹುಳುವನ್ನು ತಡೆಯುವ ಸಮಸ್ಯೆ ತೊಗರಿ ಹೊಲದ ಸಮಸ್ಯೆಯ ಖಾಸಾ ಸೋದರ. ಅದರಲ್ಲಿ ಭೌತವಿಜ್ಞಾನದ ಪಾಠಕ್ಕೆ ಒದಗುವ ಸಾಮಗ್ರಿ ಇಷ್ಟೊಂದಿದೆ ಎಂಬುದು ಲೆಕ್ಕ ಹಾಕಲು ಕುಳಿತಾಗಲೇ ನನಗೂ ತಿಳಿದದ್ದು.

ಹೂವೇ ಫಸಲು

ನಾರಿಗಾಗಿ ಬೆಳೆದ ಹೆಂಪ್‌ನಲ್ಲಿ ನಾಲ್ಕು ಹೂ ಹಾಳಾದರೆ ನಷ್ಟವಿಲ್ಲ. ಔಷಧೀಯ ಉಪಯೋಗದ ಸಿಬಿಡಿ ಎಂಬ ಸಂಯುಕ್ತಕ್ಕಾಗಿ ಬೆಳೆದಾಗ ಹೂಗೊಂಚಲೇ ಫಸಲು. ಕೊಲೊರಾಡೊ ರಾಜ್ಯದ ಪೂರ್ವದ ಬಯಲಿನಲ್ಲಿ ಹೊರಾಂಗಣ ಹೆಂಪ್‌ಗೆ ಅತಿ ಹೆಚ್ಚು ಹಾನಿ ಮಾಡುವ ಕೀಟ ಹೆಲಿಕೊವರ್ಪ ಜಿಯ ಎಂದು ಅಲ್ಲಿಯ ಕೃಷಿ ವಿಸ್ತರಣಾ ವಿಜ್ಞಾನಿಗಳು ಗುರುತಿಸಿದ್ದಾರೆ. ಕಾಂಡ ಕೊರೆಯುವ ಗ್ರಾಫೊಲೈಟ ಡೆಲಿನಿಯಾನ ಎಂಬ ಇನ್ನೊಂದು ಸಣ್ಣ ಹುಳುವೂ ಇದೆ. ಅದರ ವಿಚಾರ ಇಲ್ಲಿ ಬೇಡ.

ಹುಳು ತಿಂದುಹಾಕುವ ಹೂವಿನ ಪ್ರಮಾಣ ದೊಡ್ಡದಲ್ಲ. ಹಾನಿಯಿರುವುದು ತಿಂದು ಬಿಟ್ಟ ಜಾಗದಲ್ಲಿ. ಹೆಂಪ್‌ನ ಹೂಗೊಂಚಲು ಒತ್ತಾಗಿರುತ್ತದೆ. ಒಳಗೆ ಗಾಳಿಯಾಡದು, ಇಬ್ಬನಿ ಬೇಗ ಆರದು. ಹುಳು ಕೊರೆದ ಗಾಯ, ಅದರ ಸುತ್ತ ತೇವ ಹಿಡಿದಿಟ್ಟುಕೊಳ್ಳುವ ಹಿಕ್ಕೆ, ಇವೆರಡೂ ಸೇರಿ ಬೊಟ್ರೈಟಿಸ್ ಎಂಬ ಬೂದು ಬೂಷ್ಟಿಗೆ ಹೇಳಿ ಮಾಡಿಸಿದ ಮನೆಯಾಗುತ್ತದೆ. ಒಂದು ಹುಳು ಕೊರೆದ ಸಣ್ಣ ಸುರಂಗದಿಂದ ಇಡೀ ಗೊಂಚಲು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಒಂದೆರಡು ಎಲೆ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಉಳಿದಿರುವುದು ಅಷ್ಟಕ್ಕಷ್ಟೆ.

ಸಾಮಾನ್ಯ ಕೀಟನಾಶಕ ಸಿಂಪಡಿಸಿದರಾಗದೆ? ಆಗದು. ಹೂವಿನಿಂದ ಸಾರ ತೆಗೆಯುವಾಗ ಸಿಬಿಡಿಯ ಜೊತೆಗೆ ಉಳಿಕೆ ವಿಷವೂ ಸಾಂದ್ರವಾಗಬಹುದು. ಹೂವನ್ನೇ ಸುಟ್ಟು ಸೇದುವವರೂ ಉಂಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರ ಡಿಸೆಂಬರಿನಲ್ಲಿ ಹೆಂಪ್‌ಗೆ ಮೊದಲ ಬಾರಿಗೆ 10 ಪೀಡೆನಾಶಕಗಳನ್ನು ಒಪ್ಪಿದಾಗ ಅವುಗಳಲ್ಲಿ 9 ಜೈವಿಕ ಮೂಲದವು, ಉಳಿದ ಒಂದು ಸಾಬೂನಿನ ಜಾತಿಯದು. ಹೀಗಾಗಿ ಬೆಳೆಗಾರನ ಕೈಯಲ್ಲಿರುವುದು ನಿಧಾನವಾಗಿ ಕೆಲಸ ಮಾಡುವ, ಹುಳುವಿನ ಹೊಟ್ಟೆಗೆ ಹೋದರಷ್ಟೇ ಫಲಿಸುವ, ಬಿಸಿಲಿಗೆ ಬೇಗ ಸಾಯುವ ಅಸ್ತ್ರಗಳು. ಇವುಗಳಿಂದ ಗೆಲ್ಲಬೇಕಾದರೆ ಯಾವಾಗ ಸಿಂಪಡಿಸಬೇಕು ಎಂಬುದನ್ನು ದಿನ ಮತ್ತು ಗಂಟೆಯ ಲೆಕ್ಕದಲ್ಲಿ ತಿಳಿದಿರಬೇಕು.

ಆ ದಿನ ಯಾವುದು?

ಹೆಣ್ಣು ಪತಂಗ ಸುಮಾರು ಅರ್ಧ ಮಿಲಿಮೀಟರ್ ಅಗಲದ ಮೊಟ್ಟೆಗಳನ್ನು ಒಂದೊಂದಾಗಿ, ಬೇರೆ ಬೇರೆ ಕಡೆ ಇಡುತ್ತದೆ. ಜೀವಮಾನದಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು. ಒಡೆದು ಬಂದ ಮರಿ ಸುಮಾರು ಒಂದೂವರೆ ಮಿಲಿಮೀಟರ್ ಉದ್ದ. ಐದಾರು ಬಾರಿ ಪೊರೆ ಕಳಚಿ, ಎರಡು ಮೂರು ವಾರಗಳಲ್ಲಿ ಅದು 40 ಮಿಲಿಮೀಟರ್ ಮುಟ್ಟುತ್ತದೆ. ಉದ್ದ 27 ಪಟ್ಟು ಬೆಳೆದರೆ, ಆಕಾರ ಅದೇ ಇದ್ದಲ್ಲಿ, ಗಾತ್ರ 27ರ ಘನದಷ್ಟು, ಎಂದರೆ ಹೆಚ್ಚುಕಡಿಮೆ 20,000 ಪಟ್ಟು ಬೆಳೆಯಬೇಕು. ಅಷ್ಟು ಮೈ ಕೂಡಿಸಲು ಬೇಕಾದ ಆಹಾರದ ಬಹುಪಾಲನ್ನು ಅದು ಕೊನೆಯ ಎರಡು ಹಂತಗಳಲ್ಲೇ ತಿನ್ನುತ್ತದೆ. ಮೊದಲ ದಿನಗಳಲ್ಲಿ ಅದರ ಹಾನಿ ಕಣ್ಣಿಗೆ ಕಾಣದಷ್ಟು ಸಣ್ಣದು. ಆಗ ಅದನ್ನು ಕೊಲ್ಲಲು ಬೇಕಾದ ಔಷಧವೂ ಅತ್ಯಲ್ಪ. ಕಣ್ಣಿಗೆ ಕಾಣುವ ಹೊತ್ತಿಗೆ ಅದು ಗೊಂಚಲಿನೊಳಗೆ ಸೇರಿರುತ್ತದೆ, ಸಿಂಪರಣೆ ತಲುಪದು, ತಲುಪಿದರೂ ಸಾಲದು. ಹಾಗಾಗಿ ಮೊಟ್ಟೆ ಒಡೆದು ಮರಿ ಒಳಗೆ ಸೇರುವವರೆಗಿನ ಕೆಲವೇ ದಿನಗಳು ನಿರ್ಣಾಯಕ. ಹುಳು ಕಂಡ ಮೇಲೆ ಔಷಧ ತರಲು ಪೇಟೆಗೆ ಹೊರಡುವುದು ನಮ್ಮಲ್ಲೂ ಸಾಮಾನ್ಯ; ಅಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ.

ಆ ದಿನಗಳನ್ನು ಮುಂಚಿತವಾಗಿ ತಿಳಿಯುವ ಉಪಾಯ ಮೋಹಕ ಬಲೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯಲ್ಲಿ ಹೆಕ್ಸಾಡೆಸಿನಾಲ್ ಎಂಬ 16 ಇಂಗಾಲದ ಆಲ್ಡಿಹೈಡ್ ಮುಖ್ಯ. ನಮ್ಮ ತೊಗರಿ ಹುಳುವಿನ ಪತಂಗದಲ್ಲೂ ಇದೇ ವಸ್ತು ಪ್ರಧಾನ. ಅದನ್ನು ಕೃತಕವಾಗಿ ತಯಾರಿಸಿ ರಬ್ಬರ್ ಬಿರಡೆಯಲ್ಲಿ ತುಂಬಿ ಬಲೆಗೆ ಕಟ್ಟುತ್ತಾರೆ. ಈ ವಾಸನೆ ದೂರ ಹೋಗುವುದು ಹೇಗೆ? ವಿಸರಣೆಯಿಂದ ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ಲೆಕ್ಕ ಮಾಡಿ ನೋಡೋಣ. ಇಷ್ಟು ದೊಡ್ಡ ಅಣುವಿಗೆ ಗಾಳಿಯಲ್ಲಿ ವಿಸರಣಾಂಕ ಸೆಕೆಂಡಿಗೆ ಸುಮಾರು ಒಂದು ಚದರ ಮೀಟರಿನ ಹತ್ತು ಲಕ್ಷದಲ್ಲಿ ಐದು ಪಾಲು. ದೂರದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿದರೆ ಬೇಕಾಗುವ ಕಾಲದ ಅಂದಾಜು ಸಿಗುತ್ತದೆ. 10 ಮೀಟರ್ ದೂರಕ್ಕೆ ಒಂದು ಕೋಟಿ ಸೆಕೆಂಡು, ಅಂದರೆ ನಾಲ್ಕು ತಿಂಗಳು! ಪತಂಗದ ಆಯುಸ್ಸೇ ಅಷ್ಟಿಲ್ಲ. ವಾಸನೆಯನ್ನು ಹೊತ್ತೊಯ್ಯುವುದು ಗಾಳಿ. ಅದು ಎಳೆ ಎಳೆಯಾಗಿ ಹರಿದು ಹೋಗುತ್ತದೆ. ಗಂಡು ಪತಂಗ ಗಾಳಿಗೆದುರಾಗಿ ಅಂಕುಡೊಂಕಾಗಿ ಹಾರುತ್ತ ಆ ಎಳೆಗಳನ್ನು ಹಿಡಿದು ಬರುತ್ತದೆ. ಬಲೆಯನ್ನು ಗಾಳಿ ಸರಾಗವಾಗಿ ಆಡುವ ಹೊಲದ ಅಂಚಿನಲ್ಲಿ ಕಟ್ಟುವುದು ಇದಕ್ಕಾಗಿಯೇ.

ಬಲೆಗೆ ನೂರು ಪತಂಗ ಬಿದ್ದರೆ ನೂರು ಶತ್ರು ಕಡಿಮೆಯಾದವೆಂದು ಹಿಗ್ಗಬಾರದು. ಬೀಳುವುದು ಗಂಡುಗಳು ಮಾತ್ರ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಬಲೆ ಒಂದು ಮಾಪಕ ಅಷ್ಟೆ. ಬೀಳುವ ಸಂಖ್ಯೆ ಏಕಾಏಕಿ ಏರಿದ ರಾತ್ರಿಯಿಂದ ನಮ್ಮ ಗಡಿಯಾರ ಶುರು. ಬೆಳಕಿನ ಬಲೆಯನ್ನೂ ಇಡಬಹುದು, ಆದರೆ ಹೆಂಪ್ ಹೊಲದಲ್ಲಿ ಅಲ್ಲ. ಬಹುತೇಕ ಹೆಂಪ್ ತಳಿಗಳು ರಾತ್ರಿ ದೀರ್ಘವಾದಾಗ ಹೂಬಿಡುವಂಥವು. ನಡುರಾತ್ರಿಯ ದೀಪ ಹೂಬಿಡುವುದನ್ನೇ ತಡೆಯಬಹುದು.

ಇನ್ನು ಆ ಗಡಿಯಾರ ಓಡುವ ವೇಗ. ಕೀಟಕ್ಕೆ ಸ್ವಂತ ಮೈಬಿಸಿಯಿಲ್ಲ. ಅದರ ಬೆಳವಣಿಗೆ ಉಷ್ಣತೆಯನ್ನು ಅವಲಂಬಿಸುತ್ತದೆ. ಹೆಲಿಕೊವರ್ಪ ಜಿಯಕ್ಕೆ ಸುಮಾರು 12.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ನಿಂತಂತೆಯೇ. ಅದಕ್ಕಿಂತ ಮೇಲಿನ ಡಿಗ್ರಿಗಳನ್ನು ದಿನಗಳಿಂದ ಗುಣಿಸಿದರೆ ಬರುವ ಡಿಗ್ರಿ-ದಿನಗಳ ಮೊತ್ತ ಪ್ರತಿ ಹಂತಕ್ಕೂ ಹೆಚ್ಚುಕಡಿಮೆ ಸ್ಥಿರ. 27 ಡಿಗ್ರಿಯಲ್ಲಿ ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ ಎಂದುಕೊಂಡರೆ ಬೇಕಾದದ್ದು 14.5 ಗುಣಿಸು 3, ಸುಮಾರು 43 ಡಿಗ್ರಿ-ದಿನ. ಆಗಸ್ಟ್ ಕೊನೆಯ ಒಂದು ದಿನ ಗರಿಷ್ಠ 31, ಕನಿಷ್ಠ 13 ಆಗಿದ್ದರೆ ಸರಾಸರಿ 22, ದಿನಕ್ಕೆ 9.5ರಂತೆ ನಾಲ್ಕೂವರೆ ದಿನ. ಸೆಪ್ಟೆಂಬರ್ ನಡುವಿನಲ್ಲಿ 27 ಮತ್ತು 9 ಎಂದಿಟ್ಟುಕೊಂಡರೆ ಸರಾಸರಿ 18. ಅದೇ ಮೊಟ್ಟೆಗೆ ಸುಮಾರು ಎಂಟು ದಿನ. (ಕನಿಷ್ಠ ಉಷ್ಣತೆ ಮಿತಿಗಿಂತ ಕೆಳಗಿಳಿದಾಗ ಸರಾಸರಿಯ ಈ ಸರಳ ಲೆಕ್ಕ ತುಸು ತಪ್ಪುತ್ತದೆ. ಎಷ್ಟು ತಪ್ಪುತ್ತದೆಂದು ಕಂಡುಹಿಡಿಯುವುದು ಪಿಯುಸಿ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.) ಪಂಚಾಂಗ ನೋಡಿ ಇಂಥ ತಾರೀಖಿಗೆ ಸಿಂಪಡಿಸಿ ಎನ್ನುವ ಸಲಹೆ ಏಕೆ ಸೋಲುತ್ತದೆ ಎಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ.

ಪತಂಗಗಳು ಆಗಸ್ಟಿನಲ್ಲಿ ಹೆಂಪ್‌ನತ್ತ ತಿರುಗುವುದಕ್ಕೆ ಕಾರಣ ಪಕ್ಕದ ಮೆಕ್ಕೆಜೋಳ. ಮೊಟ್ಟೆಯಿಡಲು ಅವಕ್ಕೆ ಅತಿ ಪ್ರಿಯವಾದದ್ದು ತೆನೆಯ ತುದಿಯ ರೇಷ್ಮೆಯಂಥ ಹಸಿ ಎಳೆಗಳು. ಅವು ಒಣಗಿ ಕಂದಾದವೋ, ಹೂಬಿಡುತ್ತಿರುವ ಬೇರೆ ಬೆಳೆಯನ್ನು ಹುಡುಕುತ್ತವೆ. ಹೆಂಪ್ ಹೂಬಿಡುವುದೂ ಆಗಲೇ. ಬೆಳೆಗಾರ ತನ್ನ ಹೊಲದಷ್ಟೇ ಎಚ್ಚರದಿಂದ ನೆರೆಯವನ ಜೋಳದ ತೆನೆಯನ್ನೂ ಗಮನಿಸಬೇಕು.

ಎಲ್ಲ ಪತಂಗಗಳೂ ನೆರೆಹೊಲದವಲ್ಲ. ಅಮೆರಿಕದ ಉತ್ತರ ಭಾಗದ ಚಳಿಯನ್ನು ಈ ಕೀಟದ ಕೋಶಗಳು ಸಾಮಾನ್ಯವಾಗಿ ದಾಟಲಾರವು. ಪ್ರತಿ ವರ್ಷ ದಕ್ಷಿಣದಿಂದ ಹೊಸ ದಂಡು ಬರುತ್ತದೆ. ಟೆಕ್ಸಾಸ್‌ನ ದಕ್ಷಿಣದ ಜೋಳದ ಹೊಲಗಳಿಂದ ಜೂನ್‌ನಲ್ಲಿ ಏಳುವ ಪತಂಗಗಳು ಕೆಲವು ನೂರು ಮೀಟರ್ ಮೇಲಕ್ಕೇರಿ, ಅಲ್ಲಿ ರಾತ್ರಿ ಬೀಸುವ ವೇಗದ ಗಾಳಿಯ ಹೊಳೆಯಲ್ಲಿ ಉತ್ತರಕ್ಕೆ ತೇಲಿಹೋಗುವುದನ್ನು ರೇಡಾರ್‌ಗಳು ದಾಖಲಿಸಿವೆ. ಆ ಎತ್ತರದಲ್ಲಿ ಅವನ್ನು ಬೇಟೆಯಾಡಲು ಬ್ರೆಜಿಲ್‌ನ ಬಾಲಬಿಡಿ ಬಾವಲಿಗಳು ಏರುತ್ತವೆ. ಅವು ಹೊರಡಿಸುವ ಶಬ್ದದ ಆವೃತ್ತಿ ಸುಮಾರು 25 ಕಿಲೋಹರ್ಟ್ಸ್; ತರಂಗದೂರ 340ನ್ನು 25,000ದಿಂದ ಭಾಗಿಸಿದರೆ ಬರುವ ಸುಮಾರು 14 ಮಿಲಿಮೀಟರ್. ರೆಕ್ಕೆ ಬಿಚ್ಚಿದ ಪತಂಗದ ಅಗಲ 35ರಿಂದ 40 ಮಿಲಿಮೀಟರ್. ಅಲೆ ವಸ್ತುವಿಗಿಂತ ಕಿರಿದಾಗಿರುವುದರಿಂದ ಪ್ರತಿಧ್ವನಿ ಚೆನ್ನಾಗಿ ಮರಳುತ್ತದೆ. ಟೆಕ್ಸಾಸ್‌ನ ಒಂದು ಹತ್ತಿ ಪ್ರದೇಶದಲ್ಲಿ ಈ ಬಾವಲಿಗಳ ಸೇವೆಯ ಬೆಲೆ ವರ್ಷಕ್ಕೆ ಸುಮಾರು 7,41,000 ಡಾಲರ್ ಎಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಹೆಂಪ್ ಹೊಲದವನಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ತನ್ನ ಹೊಲವನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ಪತಂಗ ಬರುವುದು ತಪ್ಪದು.

ಗಂಟೆ ಯಾವುದು?

ಸಿಂಪಡಿಸುವ ಅಸ್ತ್ರಗಳಲ್ಲಿ ಮೊದಲನೆಯದು ಬಿಟಿ ಎಂದೇ ಪರಿಚಿತವಾದ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯ. 1901ರಲ್ಲಿ ಜಪಾನಿನ ಇಶಿವಾಟ ಇದನ್ನು ರೇಷ್ಮೆಹುಳುವಿನ ರೋಗಕಾರಕವಾಗಿ ಕಂಡರು; ಜರ್ಮನಿಯ ಬರ್ಲಿನರ್ 1911ರಲ್ಲಿ ಹಿಟ್ಟಿನ ಪತಂಗದಲ್ಲಿ ಕಂಡು ವಿವರಿಸಿದರು. ರೇಷ್ಮೆ ನಾಡಾದ ನಮ್ಮಲ್ಲಿ ಈ ಇತಿಹಾಸ ನೆನಪಿರಬೇಕು: ಹಿಪ್ಪುನೇರಳೆಯ ಹತ್ತಿರ ಬಿಟಿ ಸಿಂಪರಣೆ ಸಲ್ಲದು. ಈ ಬ್ಯಾಕ್ಟೀರಿಯ ತನ್ನೊಳಗೆ ಪ್ರೋಟೀನಿನ ಹರಳೊಂದನ್ನು ಕಟ್ಟುತ್ತದೆ. ಮರಿಹುಳುವಿನ ಕರುಳು ಪ್ರಬಲ ಕ್ಷಾರೀಯ. ಅಲ್ಲಿ ಹರಳು ಕರಗಿ, ಕಿಣ್ವಗಳಿಂದ ಕತ್ತರಿಸಲ್ಪಟ್ಟು, ಕರುಳಿನ ಕೋಶಗಳಿಗೆ ಅಂಟಿ ರಂಧ್ರ ಮಾಡುತ್ತದೆ. ಹುಳು ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸಿ, ಕೆಲವು ದಿನಗಳಲ್ಲಿ ಸಾಯುತ್ತದೆ. ನಮ್ಮ ಜಠರ ಆಮ್ಲೀಯ. ಅಂಟಲು ಬೇಕಾದ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ.

ಎರಡನೆಯದು ಎನ್‌ಪಿವಿ ಎಂಬ ವೈರಸ್. ಇದೂ ಪ್ರೋಟೀನಿನ ಕವಚದೊಳಗಿದ್ದು ಕ್ಷಾರದಲ್ಲಿ ಬಿಡುಗಡೆಯಾಗುತ್ತದೆ. ರೋಗ ಹತ್ತಿದ ಹುಳು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು ಕರಗಿಹೋಗುತ್ತದೆ. ಸತ್ತ ದೊಡ್ಡ ಹುಳುವೊಂದರಲ್ಲಿ ನೂರು ಕೋಟಿಗೂ ಮಿಕ್ಕಿ ವೈರಸ್ ಕಣಗಳಿರುತ್ತವೆ. ಹೆಲಿಕೊವರ್ಪ ಜಿಯದ ಎನ್‌ಪಿವಿ 1975ರಲ್ಲಿ ಅಮೆರಿಕದಲ್ಲಿ ಪೀಡೆನಾಶಕವಾಗಿ ನೋಂದಾಯಿತವಾದ ಮೊದಲ ವೈರಸ್. ನಮ್ಮ ತೊಗರಿಗೆ ಹೆಕ್ಟೇರಿಗೆ 250 ಎಲ್‌ಇ ಎಂದು ಶಿಫಾರಸು ಮಾಡುವುದು ಇದರ ಸೋದರ ವೈರಸನ್ನೇ. ಎಲ್‌ಇ ಎಂದರೆ ರೋಗದಿಂದ ಸತ್ತ ಒಂದು ದೊಡ್ಡ ಹುಳುವಿನಲ್ಲಿ ಸಿಗುವಷ್ಟು ವೈರಸ್ ಎಂಬ ಅಳತೆ. ಅಮೆರಿಕದ ದಕ್ಷಿಣದಲ್ಲಿ ಬಿಟಿ ಜೋಳ, ಬಿಟಿ ಹತ್ತಿಯನ್ನು ತಲೆಮಾರುಗಟ್ಟಲೆ ತಿಂದ ಹೆಲಿಕೊವರ್ಪ ಜಿಯ ಅವುಗಳ ಕೆಲವು ಪ್ರೋಟೀನುಗಳಿಗೆ ನಿರೋಧ ಬೆಳೆಸಿಕೊಂಡಿದೆ. ಅಂಥ ಜಾತಿಯ ಪ್ರೋಟೀನುಗಳೇ ಸಿಂಪರಣೆಯಲ್ಲೂ ಇರುವುದರಿಂದ, ನನ್ನ ದೃಷ್ಟಿಯಲ್ಲಿ ಹೆಂಪ್ ಬೆಳೆಗಾರ ಹೆಚ್ಚು ನೆಚ್ಚಬೇಕಾದದ್ದು ವೈರಸನ್ನು. ಆದರೆ ಅದು ಕೊಲ್ಲಲು ಬಿಟಿಗಿಂತ ನಿಧಾನ. ಎಳೆಯ ಹುಳುವಿಗೇ ತಾಗಬೇಕೆಂಬ ನಿಯಮ ಅದಕ್ಕೆ ಇನ್ನೂ ಕಟ್ಟುನಿಟ್ಟು.

ಇವೆರಡಕ್ಕೂ ವೈರಿ ಸೂರ್ಯ. ತರಂಗದೂರವನ್ನು ನ್ಯಾನೋಮೀಟರಿನಲ್ಲಿ ಇಟ್ಟು 1240ನ್ನು ಅದರಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಸಿಗುತ್ತದೆ. 550 ನ್ಯಾನೋಮೀಟರಿನ ಹಸಿರು ಬೆಳಕಿಗೆ 2.25, 300 ನ್ಯಾನೋಮೀಟರಿನ ನೇರಳಾತೀತಕ್ಕೆ 4.1. ಇಂಗಾಲ-ಇಂಗಾಲ ಬಂಧದ ಶಕ್ತಿ ಸುಮಾರು 3.6. ಹಸಿರು ಬೆಳಕು ಮಾಡಲಾಗದ ಕೆಡುಕನ್ನು ನೇರಳಾತೀತ ಮಾಡಬಲ್ಲದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಅದು ವೈರಸ್ಸಿನ ಡಿಎನ್‌ಎಯಲ್ಲಿ ಅಕ್ಕಪಕ್ಕದ ಘಟಕಗಳನ್ನು ಬೆಸೆದುಬಿಡುತ್ತದೆ. ಬಿಟಿ ಹರಳಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಕೆಡಿಸುತ್ತದೆ. ನೇರ ಬಿಸಿಲಿಗೆ ಬಿದ್ದ ಸಿಂಪರಣೆಯ ಕಸುವು ಗಂಟೆಗಳಿಂದ ಹಿಡಿದು ಒಂದೆರಡು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಕೊಲೊರಾಡೊದ ಬಯಲೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರ. ಕಿಲೋಮೀಟರಿಗೆ ನೇರಳಾತೀತ ಶೇಕಡ 10ರಷ್ಟು ಏರುವುದರಿಂದ ಅಲ್ಲಿ ಪೆಟ್ಟು ಇನ್ನೂ ಜೋರು.

ಹಾಗಾದರೆ ಸಂಜೆ. ಸೂರ್ಯ ದಿಗಂತದಿಂದ 60 ಡಿಗ್ರಿ ಮೇಲಿದ್ದಾಗ ಬೆಳಕು ದಾಟುವ ವಾಯುವಿನ ದಪ್ಪ ನೆತ್ತಿಯ ಸೂರ್ಯನದಕ್ಕಿಂತ 1.15 ಪಟ್ಟು, 10 ಡಿಗ್ರಿಗೆ ಇಳಿದಾಗ ಐದೂವರೆ ಪಟ್ಟು. ಅಷ್ಟೂ ದಾರಿಯಲ್ಲಿ ಓಜೋನ್ ನೇರಳಾತೀತವನ್ನು ಹೀರುತ್ತದೆ. ಸಂಜೆ ಸಿಂಪಡಿಸಿದ ಔಷಧಕ್ಕೆ ಒಂದು ರಾತ್ರಿ ಪೂರ್ತಿ ಕೆಲಸ ಮಾಡಲು ಸಿಗುತ್ತದೆ. ನಮ್ಮ ಕೃಷಿ ವಿಜ್ಞಾನಿಗಳು ಎನ್‌ಪಿವಿಗೆ ಬೆಲ್ಲವನ್ನೂ ಬಟ್ಟೆಗೆ ಹಾಕುವ ಹೊಳಪುಕಾರಕವನ್ನೂ ಬೆರೆಸಲು ಹೇಳುವುದುಂಟು. ಬೆಲ್ಲ ಹುಳುವಿಗೆ ರುಚಿ. ಹೊಳಪುಕಾರಕ ನೇರಳಾತೀತವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುವ ವಸ್ತು. ಬಿಳಿ ಅಂಗಿಯನ್ನು ಹೊಳೆಸುವ ಪ್ರತಿದೀಪ್ತಿಯೇ ಇಲ್ಲಿ ವೈರಸ್ಸಿಗೆ ಕೊಡೆ ಹಿಡಿಯುತ್ತದೆ.

ಸಂಜೆಯಲ್ಲೂ ಒಂದು ತೊಡಕಿದೆ, ಹನಿಯ ಗಾತ್ರದ್ದು. ಒಂದೇ ಪ್ರಮಾಣದ ದ್ರವವನ್ನು ಸಣ್ಣ ಹನಿಗಳಾಗಿ ಒಡೆದಷ್ಟೂ ಹೆಚ್ಚು ಮೈಯನ್ನು ಮುಚ್ಚುತ್ತದೆ. 200 ಮೈಕ್ರೋಮೀಟರ್ ವ್ಯಾಸದ ಒಂದು ಹನಿಯಿಂದ 20 ಮೈಕ್ರೋಮೀಟರಿನ ಸಾವಿರ ಹನಿಗಳಾಗುತ್ತವೆ. ಆದರೆ 20 ಮೈಕ್ರೋಮೀಟರಿನ ಹನಿ ಸ್ಟೋಕ್ಸ್ ನಿಯಮದಂತೆ ಸೆಕೆಂಡಿಗೆ 1.2 ಸೆಂಟಿಮೀಟರ್ ಮಾತ್ರ ಬೀಳುತ್ತದೆ. ಅರ್ಧ ಮೀಟರ್ ಇಳಿಯಲು 40 ಸೆಕೆಂಡು. ಸೆಕೆಂಡಿಗೆ ಒಂದೂವರೆ ಮೀಟರಿನ ತಂಗಾಳಿಯಿದ್ದರೂ ಅಷ್ಟರಲ್ಲಿ 60 ಮೀಟರ್ ಆಚೆ, ನೆರೆಯವನ ಹೊಲದಲ್ಲಿರುತ್ತದೆ. 200 ಮೈಕ್ರೋಮೀಟರಿನದು ಒಂದು ಮೀಟರಿನೊಳಗೆ ಬಿದ್ದಿರುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತಣಿದು, ಕೆಳಗೆ ತಂಪು ಮೇಲೆ ಬಿಸಿ ಗಾಳಿಯ ಪದರಗಳಾದರಂತೂ ಸಣ್ಣ ಹನಿಗಳು ಕೆಳಗಿನ ಪದರದಲ್ಲೇ ಮಂಜಿನಂತೆ ನಿಂತು ಎತ್ತಲೋ ಹರಿದುಹೋಗುತ್ತವೆ. ಆದ್ದರಿಂದ ಸೂರ್ಯಾಸ್ತದ ಹಿಂದಿನ ಒಂದು ಗಂಟೆ, ಮಧ್ಯಮ ಗಾತ್ರದ ಹನಿ, ನಳಿಕೆಯನ್ನು ಗೊಂಚಲಿನ ಹತ್ತಿರ ಹಿಡಿದು ಎರಡು ಪಕ್ಕದಿಂದ ಸಿಂಪರಣೆ. ಹೊಸ ಮೊಟ್ಟೆಗಳು ದಿನವೂ ಒಡೆಯುತ್ತಿರುವುದರಿಂದ ವಾರದೊಳಗೆ ಇನ್ನೊಮ್ಮೆ.

ಗಿಡಕ್ಕೂ ತನ್ನದೇ ರಕ್ಷಣೆಯಿದೆ. ಸಿಬಿಡಿಯಂಥ ಸಂಯುಕ್ತಗಳು ಎಲೆ ತಿನ್ನುವ ಕೆಲವು ಹುಳುಗಳ ಬೆಳವಣಿಗೆಯನ್ನು ಕುಂಠಿತಗೊಳಿಸುವುದು 2019 ಮತ್ತು 2023ರ ಪ್ರಯೋಗಗಳಲ್ಲಿ ಕಂಡಿದೆ. ಆದರೂ ಹೆಲಿಕೊವರ್ಪ ಆ ಸಂಯುಕ್ತಗಳು ದಟ್ಟವಾಗಿರುವ ಹೂವನ್ನೇ ತಿನ್ನುತ್ತದೆ! ಸಣ್ಣ ತೋಟದವರು ಗಿಡಕ್ಕೆ ಬಲೆಬಟ್ಟೆ ಹೊದಿಸುತ್ತಾರೆ. ಪತಂಗವನ್ನು ಅದು ತಡೆಯುತ್ತದೆ, ಜೊತೆಗೆ ಗಾಳಿಯನ್ನೂ ಒಂದಿಷ್ಟು ತಡೆಯುತ್ತದೆ. ಬೂಷ್ಟಿನ ಭಯವಿರುವ ಕಡೆ ಇದು ಒಳ್ಳೆಯ ವ್ಯಾಪಾರವಲ್ಲ. ಕಲಬುರಗಿಯ ರೈತರು ತೊಗರಿ ಗಿಡವನ್ನು ಅಲುಗಿಸಿ ಹುಳುಗಳನ್ನು ಹಾಸಿದ ಬಟ್ಟೆಯ ಮೇಲೆ ಬೀಳಿಸಿದಂತೆ ಇಲ್ಲಿ ಮಾಡಲಾಗದು, ಹುಳು ಗೊಂಚಲಿನೊಳಗಿರುತ್ತದೆ. ಕೈಯಿಂದ ಆರಿಸಿ, ಕೊಳೆತ ಭಾಗವನ್ನು ಅದರ ಕೆಳಗಿನ ಆರೋಗ್ಯವಾದ ಕಡ್ಡಿಯ ಸಮೇತ ಕತ್ತರಿಸಿ ಹೊಲದಿಂದ ಹೊರಗೆ ಸಾಗಿಸಬೇಕು.

ಕೊಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಒಣಗಲು ಕೊಟ್ಟಿಗೆಯಲ್ಲಿ ನೇತುಹಾಕಿದ ಗಿಡಗಳೊಳಗೆ ಉಳಿದ ಹುಳುಗಳು ಹೂವು ಹಸಿಯಾಗಿರುವಷ್ಟು ಕಾಲ ತಿನ್ನುತ್ತಲೇ ಇದ್ದು, ಒಣಗತೊಡಗಿದಾಗ ಹೊರಬಂದು ನೆಲಕ್ಕೆ ಬೀಳುತ್ತವೆ. ಬೆಳಿಗ್ಗೆ ಕೊಟ್ಟಿಗೆಯ ನೆಲ ಗುಡಿಸುವಾಗ ಸಿಗುವ ಹುಳುಗಳನ್ನು ಎಣಿಸಿ, ಉದ್ದ ಅಳೆದು ಬರೆದಿಟ್ಟುಕೊಂಡರೆ, ಆ ವರ್ಷದ ಸಿಂಪರಣೆ ಎಷ್ಟು ದಿನ ತಡವಾಗಿತ್ತೆಂಬುದನ್ನು ಡಿಗ್ರಿ-ದಿನಗಳ ಪಟ್ಟಿಯಲ್ಲಿ ಹಿಂದಕ್ಕೆ ಎಣಿಸಿ ಕಂಡುಹಿಡಿಯಬಹುದು.